ಮದುವೆಯ ಸಾಕ್ಷಿಗಾಗಿ ನಾಲ್ಕು ತಾಲ್ಲೂಕು

ಶ್ರಾವಣದ ಎರಡನೆಯ ಸೋಮವಾರ ಬೆಳಿಗ್ಗೆ ಏಳು ಗಂಟೆಗೆ ಕೃಷ್ಣರಾಜನಗರದಲ್ಲಿ ಹುಣಸೂರಿನ ಬಸ್ಸು ಹತ್ತಿದೆ. ಹದಿನಾರು ಮೈಲಿಗೆ ಹನ್ನೆರಡಾಣೆ. ಬಟ್ಟೆಯ ಚೀಲದಲ್ಲಿ ಎರಡು ಪಂಚೆ, ಒಂದು ಟವಲು, ಮಳೆಗೆ ನೆನೆಯದಂತೆ ಮೇಣಗಾಗದದಲ್ಲಿ ಸುತ್ತಿದ್ದ ದೆಹಲಿಯ ಪತ್ರ ಇದ್ದವು. ಪತ್ರ ಅಬಿಸೀನಿಯ ದೇಶದ ರಾಯಭಾರ ಕಚೇರಿಯದು. ನನ್ನ ಹೆಂಡತಿ ಸರ್ವಮಂಗಳ ಆ ದೇಶದ ರಾಜಧಾನಿ ಅಡಿಸ್ ಅಬಾಬದ ಹೆಣ್ಣುಮಕ್ಕಳ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದಳು. ಅವಳು ಹೋಗಿ ಹದಿನಾಲ್ಕು ತಿಂಗಳಾಗಿತ್ತು. ಈಗ ನಾನು ಅಲ್ಲಿಗೆ ಹೋಗಲು ವೀಸಾ ಬೇಕಾಗಿತ್ತು.

ಇದನ್ನು ಕೇಳಿದವರೆಲ್ಲ ಒಮ್ಮೆ ನನ್ನ ಮುಖ ನೋಡುತ್ತಿದ್ದರು. ಆದ್ದರಿಂದ ಎರಡು ಮಾತು ಹೇಳಬೇಕು. ನಾನು ಓದಿದ್ದು ಲೋಯರ್ ಸೆಕೆಂಡರಿ. ನಾಲೆಯ ಕೆಳಗೆ ನಾಲ್ಕೆಕರೆ ಗದ್ದೆಯಿತ್ತು. ಮದುವೆಯಾದಾಗ ಅವಳು ಎಸ್.ಎಸ್.ಎಲ್.ಸಿ. ಪಾಸು ಮಾಡಿದ್ದಳು. ಮುಂದೆ ಓದುತ್ತೇನೆಂದಳು, ಓದಿಸಿದೆ. ಮೈಸೂರಿನಲ್ಲಿ ಬಿ.ಎ. ಮುಗಿಸಿ ಹುಣಸೂರಿನಲ್ಲಿ ಮೂರು ವರ್ಷ ಪಾಠ ಮಾಡಿದಳು. ಅಬಿಸೀನಿಯಕ್ಕೆ ಮೇಷ್ಟ್ರುಗಳು ಬೇಕೆಂದು ಪತ್ರಿಕೆಯಲ್ಲಿ ನೋಡಿ ಅರ್ಜಿ ಹಾಕಿದವಳು ಅವಳು. ಅಂಚೆಗೆ ಹಾಕಿದವನು ನಾನು. ಕರಾರು ಮೂರು ವರ್ಷ. ಮೊದಲ ವರ್ಷ ಕಳೆದ ಮೇಲೆ ಗಂಡನನ್ನು ಕರೆಸಿಕೊಳ್ಳಬಹುದೆಂದು ಅದರಲ್ಲಿತ್ತು. ನಮಗೆ ಮಕ್ಕಳಿರಲಿಲ್ಲ.

ಪಾಸ್‌ಪೋರ್ಟು ಬಂದಿತ್ತು. ವೀಸಾಕ್ಕೆ ಮಾತ್ರ ನಾವು ಮದುವೆಯಾದದ್ದಕ್ಕೆ ಪುರಾವೆ ಕೇಳಿದ್ದರು. ಒಂಬತ್ತು ವರ್ಷದ ಹಿಂದೆ ಹಾರನಹಳ್ಳಿಯಲ್ಲಿ ಅವಳ ತಂದೆಯ ಮನೆಯ ಮುಂದೆ ಚಪ್ಪರ ಹಾಕಿ ಆದ ಮದುವೆಗೆ ಕಾಗದ ಎಲ್ಲಿಂದ ಬರಬೇಕು? ಆ ತಿಂಗಳ ಕೊನೆಯೊಳಗೆ ಪುರಾವೆ ದೆಹಲಿ ಮುಟ್ಟದಿದ್ದರೆ ಅರ್ಜಿ ರದ್ದು. ಅದೇ ವಾರ ಸರ್ವಮಂಗಳ ಬರೆದಿದ್ದಳು: "ಈ ವರ್ಷವೂ ನೀವು ಬರಲಾಗದಿದ್ದರೆ ಕೆಲಸ ಬಿಟ್ಟು ಬರುತ್ತೇನೆ. ಒಬ್ಬಳೇ ಇನ್ನು ಆಗುವುದಿಲ್ಲ." ಅವಳು ಆಗುವುದಿಲ್ಲ ಎಂಬ ಮಾತನ್ನು ಸುಲಭವಾಗಿ ಆಡುವವಳಲ್ಲ.

ಒಂಬತ್ತು ಗಂಟೆಗೆ ಹುಣಸೂರು ತಲುಪಿದೆ. ಲಕ್ಷ್ಮಣತೀರ್ಥ ಕೆಂಪಗೆ ಹರಿಯುತ್ತಿತ್ತು. ತಾಲ್ಲೂಕು ಕಚೇರಿಯ ಮುಂದಿನ ಮರದಡಿ ಕೂರುತ್ತಿದ್ದ ಪತ್ರ ಬರಹಗಾರರೊಬ್ಬರಿಗೆ ದೆಹಲಿಯ ಕಾಗದವನ್ನೂ ಅದರ ಜೊತೆ ಬಂದಿದ್ದ ಅರ್ಜಿಯ ನಮೂನೆಯನ್ನೂ ತೋರಿಸಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು.

"ಪರದೇಶದಲ್ಲಿ ಮೇಷ್ಟ್ರಾಗಿರೋರು ನೀವೇನಾ?"

"ಅಲ್ಲ ಸ್ವಾಮಿ, ನನ್ನ ಹೆಂಡ್ತಿ."

"ಇದ್ರಲ್ಲಿ ಹೆಂಡತಿಯ ಹೆಸರು ಅಂತ ಅಚ್ಚಾಗದೆ. ಅಲ್ಲಿ ನಿಮ್ಮೆಸ್ರು ಅದೆ!"

"ಹೆಂಡತಿ ಅನ್ನೋದನ್ನ ಹೊಡ್ದು ಗಂಡ ಅಂತ ಬರ್ದಿದೀನಿ, ನೋಡಿ."

ಅವರು ನಗಲಿಲ್ಲ. ಅಕ್ಕಪಕ್ಕ ಕೂತಿದ್ದವರು ನಕ್ಕರು. ಬರಹಗಾರರು ಇಂಗ್ಲಿಷ್ ಚೆನ್ನಾಗಿ ಬಲ್ಲವರು. ವಿಷಯ ಬಿಡಿಸಿ ಹೇಳಿದರು. ಇಬ್ಬರ ಸಾಕ್ಷಿ ಬೇಕು. ಒಬ್ಬರು ಮದುವೆ ಮಾಡಿಸಿದವರು, ಇಲ್ಲವೇ ಹೆಣ್ಣು ಕೊಟ್ಟವರು ಆಗಿರಬೇಕು. ಒಬ್ಬರಾದರೂ ಮ್ಯಾಜಿಸ್ಟ್ರೇಟ್ ಸಾಹೇಬರ ಮುಂದೆ ನಿಲ್ಲಬೇಕು. ಇನ್ನೊಬ್ಬರು ತಮ್ಮ ಊರಿನ ಪಟೇಲರ ಎದುರು ರುಜು ಮಾಡಿದರೂ ನಡೆಯುತ್ತದೆ. ಸಾಹೇಬರು ಗುರುವಾರದವರೆಗೆ ಊರಲ್ಲಿರುತ್ತಾರೆ, ಆಮೇಲೆ ಹದಿನೈದು ದಿನ ಸಿಕ್ಕುವುದಿಲ್ಲ.

ಹೆಣ್ಣು ಕೊಟ್ಟವರು ಎಂದರೆ ನನ್ನ ಮಾವ ವೀರಪ್ಪನವರು. ಅವರು ನನ್ನೊಡನೆ ಮಾತು ಬಿಟ್ಟಿದ್ದರು; ಮಗಳನ್ನು ಒಬ್ಬಳನ್ನೇ ಹಡಗು ಹತ್ತಿಸಿದೆನೆಂಬ ಕೋಪ ಎಂದು ನಾನು ತಿಳಿದಿದ್ದೆ. ನನ್ನ ಕಾಗದಗಳಿಗೆ ಉತ್ತರವಿರಲಿಲ್ಲ. ಅವರ ಬಾಗಿಲಿಗೆ ಹೋಗದೆ ಕೆಲಸ ಆಗುವುದಾದರೆ ಆಗಲಿ ಎಂದುಕೊಂಡು ಮದುವೆ ಮಾಡಿಸಿದ ಅಯ್ನೋರನ್ನೇ ಹುಡುಕುವುದೆಂದು ನಿಶ್ಚಯಿಸಿದೆ. ಅವರು ಎಚ್.ಡಿ. ಕೋಟೆ ತಾಲ್ಲೂಕಿನ ಬೀಚನಹಳ್ಳಿಯ ಕಡೆ ಮಗಳ ಮನೆಯಲ್ಲಿದ್ದಾರೆಂದು ಕೇಳಿದ್ದೆ. ಸಾಹೇಬರ ಮುಂದೆ ನಿಲ್ಲುವ ಇನ್ನೊಂದು ಸಾಕ್ಷಿಗೆ ನನ್ನ ಸೋದರಮಾವನನ್ನು ಕರೆತಂದರಾಯಿತು. ಬರಹಗಾರರಿಂದ ಛಾಪಾ ಕಾಗದದ ಮೇಲೆ ಹೇಳಿಕೆ ಬರೆಸಿಕೊಂಡೆ. ಮದುವೆ ಮಾಡಿಸಿದವರ ಹೆಸರಿನಲ್ಲಿ ಒಂದು. ಬರಹಗಾರರೇ ಮುಂದಾಲೋಚನೆಯಿಂದ ಹೆಣ್ಣು ಕೊಟ್ಟವರ ಹೆಸರಿನಲ್ಲಿ ಇನ್ನೊಂದನ್ನೂ ಬರೆದರು. "ಇರ್ಲಿ ಬುಡಿ, ಬೇಕಾದೀತು," ಎಂದರು.

ಎಚ್.ಡಿ. ಕೋಟೆಯ ಬಸ್ಸು ಎರಡು ಗಂಟೆಗೆ ಹೊರಟಿತು. ಕೆಸರಿನಲ್ಲಿ ಎರಡು ಕಡೆ ಇಳಿದು ತಳ್ಳಿದೆವು. ಸಂಜೆ ಐದಕ್ಕೆ ಕೋಟೆ ಮುಟ್ಟಿ, ಒಂದು ಛತ್ರದಲ್ಲಿ ತಂಗಿದೆ. ಊಟಕ್ಕೆ ಹುರುಳಿಕಾಳಿನ ಉಪ್ಸಾರು, ಮುದ್ದೆ. ಮರುದಿನ ಬೆಳಿಗ್ಗೆ ಬಿದಿರು ತರಲು ಹೊರಟಿದ್ದ ಗಾಡಿಯೊಂದು ಸಿಕ್ಕಿತು. ಗಾಡಿಯವನು ದಾರಿಯುದ್ದಕ್ಕೂ ಅಬಿಸೀನಿಯದ ವಿಚಾರವನ್ನೇ ಕೇಳಿದ. ಅಲ್ಲಿ ರಾಗಿ ಬೆಳೆಯುತ್ತಾರಾ, ಎತ್ತುಗಳು ಯಾವ ತಳಿ ಎಂದೆಲ್ಲ. ಹೆಂಡತಿ ಬರೆದದ್ದರಿಂದ ನನಗೆ ಒಂದು ವಿಷಯ ಗೊತ್ತಿತ್ತು: ಅಲ್ಲಿಯವರು ಸಣ್ಣ ಕಾಳಿನ ಹಿಟ್ಟನ್ನು ಹುಳಿಬರಿಸಿ ಅಗಲವಾದ ದೋಸೆಯಂಥದ್ದು ಮಾಡುತ್ತಾರೆ. ಅಷ್ಟು ಹೇಳಿದೆ. "ಅಂಗಾದ್ರೆ ಬದುಕ್ಬೋದು ಬುಡಿ," ಎಂದ. ಬೀಚನಹಳ್ಳಿಯ ಹತ್ತಿರ ಹೊಳೆ ತುಂಬಿತ್ತು. ಹರಿಗೋಲಿನಲ್ಲಿ ಆಚೆ ದಡ ಸೇರಿದೆ. ಹರಿಗೋಲು ಮೂರು ಸುತ್ತು ತಿರುಗಿತು. ನನ್ನ ಕೈ ಚೀಲದ ಮೇಲಿತ್ತು.

ಅಯ್ನೋರು ಪೂಜೆಗೆ ಕೂತಿದ್ದರು. ಒಂದು ತಾಸು ಕಾದೆ. ವಯಸ್ಸು ಎಪ್ಪತ್ತು ದಾಟಿತ್ತು, ಕಣ್ಣು ಮಂಜು. ಹೇಳಿಕೆಯನ್ನು ಓದಿಸಿಕೊಂಡು ಕೇಳಿ ತಲೆಯಾಡಿಸಿದರು.

"ನಿನ್ ಮದ್ವೆ ನಾನ್ ಮಾಡ್ಸಿಲ್ಲ ಕಣಪ್ಪ."

ನನಗೆ ಗಾಬರಿಯಾಯಿತು. "ನೀವು ಅಲ್ಲೇ ಇದ್ರಲ್ಲ, ಅಯ್ನೋರೇ?"

"ಇದ್ದೆ. ಬೆಳಗಾನ ಜ್ವರ ಬಂದು ನಡುಮನೆ ಮೂಲೇಲಿ ಕಂಬ್ಳಿ ಹೊದ್ಕಂಡು ಕುಂತಿದ್ದೆ. ಮಂತ್ರ ಹೇಳಿ ತಾಳಿ ಮುಟ್ಸಿದ್ದು ನನ್ ತಮ್ಮ. ಅವ್ನು ಹೋಗಿ ನಾಕು ವರ್ಸ ಆಯ್ತು."

ನನಗೆ ಇದು ನೆನಪೇ ಇರಲಿಲ್ಲ. ಅಂದು ನಾನು ತಲೆ ಎತ್ತಿ ಯಾರನ್ನೂ ನೋಡಿರಲಿಲ್ಲ. ಅಣ್ಣತಮ್ಮಂದಿರ ಧ್ವನಿ ಒಂದೇ ಥರ.

"ಒಂದ್ ರುಜು ಅಷ್ಟೇ ಅಯ್ನೋರೇ. ದೆಹಲೀಲಿ ಇದ್ನ ಯಾರ್ ಕೇಳ್ತಾರೆ?"

ಅವರು ಎದೆಯ ಮೇಲೆ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಬೆರಳಿನಿಂದ ಮುಟ್ಟಿದರು. "ಕೇಳೋನು ಇಲ್ಲೇ ಅವ್ನೆ. ನೋಡಿದ್ದು ನಿಜ, ನೋಡ್ದೆ ಅಂತ ಬರಿ, ಹಾಕ್ತೀನಿ. ಮಾಡ್ಸಿದೆ ಅಂತ ಬ್ಯಾಡ."

ಹಾಗೆಯೇ ಬೇರೆ ಹಾಳೆಯಲ್ಲಿ ಬರೆದೆ. ಪಟೇಲರ ಎದುರು ರುಜು ಹಾಕಿದರು. ಅಕ್ಷರಗಳು ಒಂದರ ಮೇಲೊಂದು ಬಿದ್ದವು. ಹೊರಡುವಾಗ, "ನೀನ್ ಅಲ್ಲೋಗಿ ಏನ್ ಮಾಡ್ತೀಯಪ್ಪ?" ಎಂದು ಕೇಳಿದರು. ಆ ಎರಡು ದಿನದಲ್ಲಿ ಇದನ್ನು ಕೇಳಿದವರಲ್ಲಿ ಅವರು ನಾಲ್ಕನೆಯವರು. ನಾನು ಹಾಳೆಯನ್ನು ಮಡಿಸಿ ಮೇಣಗಾಗದದಲ್ಲಿ ಸುತ್ತಿದೆ. ಮದುವೆ ಮಾಡಿಸಿದವರು ಇಲ್ಲವೆಂದ ಮೇಲೆ ಒಂದು ಸಂಗತಿ ಖಚಿತವಾಗಿತ್ತು: ಹಾರನಹಳ್ಳಿಗೆ ಹೋಗದೆ ಬೇರೆ ದಾರಿಯಿಲ್ಲ.

ಬುಧವಾರ ಕೋಟೆಯಿಂದ ಹುಣಸೂರು, ಹುಣಸೂರಿನಿಂದ ಪಿರಿಯಾಪಟ್ಟಣ. ದಾರಿಯ ಎರಡು ಕಡೆಯೂ ಹೊಗೆಸೊಪ್ಪು ಬೇಯಿಸುವ ಮನೆಗಳಿಂದ ಘಾಟು ಬರುತ್ತಿತ್ತು. ಪಿರಿಯಾಪಟ್ಟಣದಲ್ಲಿ ಎರಡು ಇಡ್ಲಿ ತಿಂದು ಕಾಫಿ ಕುಡಿದು ಉಳಿದ ದಾರಿಯನ್ನು ನಡೆದೆ. ಜಿನುಗು ಮಳೆ ಬಿಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ಮಾವನ ಅಂಗಡಿಯ ಮುಂದೆ ನಿಂತೆ. ಅವರದು ರಾಗಿ, ಹುರುಳಿ ವ್ಯಾಪಾರ. ಅಂಗಡಿ ಮುಂದೆ, ಮನೆ ಹಿಂದೆ. ನನ್ನನ್ನು ಕಂಡು ಮುಖ ತಿರುಗಿಸಿದರು. ಅತ್ತೆ ನಂಜಮ್ಮ ಒಳಗಿನಿಂದ ಬಂದು ಕಾಲಿಗೆ ನೀರು ಕೊಟ್ಟರು. ನಾನು ಜಗಲಿಯ ಮೇಲೆ ಛಾಪಾ ಕಾಗದ ಇಟ್ಟು, "ಇದಕ್ಕೊಂದು ರುಜು ಬೇಕಾಗಿತ್ತು, ಮಾವ," ಎಂದೆ.

ಮಾವ ಅದನ್ನು ನನ್ನ ಕಡೆಗೇ ತಳ್ಳಿದರು. "ಗೊತ್ತು ಬುಡಿ ಏನ್ ಕಾಗ್ದ ಅಂತ. ಹೆಂಡ್ತೀನ ಬುಡೋ ಸೋಡಚೀಟಿ ತಾನೆ? ಸಂತೇಲಿ ಎಲ್ರೂ ಆಡ್ಕತಾವ್ರೆ. ಮಕ್ಕಳಾಗ್ಲಿಲ್ಲ ಅಂತ ಹೆಂಡ್ತೀನ ಸಮುದ್ರದಾಚೆಗೆ ಅಟ್ಟಿ, ಇನ್ನೊಬ್ಳನ್ನ ತತ್ತಾನೆ ಅಂತ. ನನ್ ಮಗಳ್ ಬಾಳು ಹರಿಯಾಕೆ ನನ್ ಕೈಲೇ ರುಜು ಹಾಕ್ಸಾಕ್ ಬಂದ್ರಾ?"

ಹದಿನಾಲ್ಕು ತಿಂಗಳ ಮೌನಕ್ಕೆ ಕಾರಣ ಇದೆಂದು ನನಗೆ ಆಗ ತಿಳಿಯಿತು. "ಓದಿ ಮಾವ," ಎಂದಷ್ಟೇ ಅಂದೆ.

"ಓದಾಕೇನದೆ ಅದ್ರಲ್ಲಿ?"

"ಓದ್ಬುಡಿ ಒಂದ್ಸಲ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ. "ಓದಿದ್ರೆ ಕಣ್ಣೇನ್ ಸವ್ದೋಯ್ತದಾ?"

ಅವರು ಕಾಗದವನ್ನು ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದರು. ಮಗಳನ್ನು ನನಗೆ ಕೊಟ್ಟು ಮದುವೆ ಮಾಡಿದ್ದು ಸತ್ಯ. ಇಬ್ಬರೂ ಇಂದಿಗೂ ಗಂಡಹೆಂಡಿರಾಗಿದ್ದಾರೆ. ಗಂಡನು ಹೆಂಡತಿಯ ಬಳಿಗೆ ಹೋಗಿ ಬಾಳಲು ಅನುಮತಿ ಕೋರಿದ್ದಾನೆ. ಅಲ್ಲಿಗೆ ಬಂದು ನಿಂತರು. ಆ ಸಾಲನ್ನು ಬಾಯಿ ಬಿಡದೆ ಇನ್ನೊಮ್ಮೆ ಓದಿಕೊಂಡರು.

"ನೀವೂ ಹೋಯ್ತೀರಾ?"

"ಹೂಂ ಮಾವ."

"ಗದ್ದೆ?"

"ವಾರಕ್ಕೆ ಕೊಟ್ಟಿವ್ನಿ, ಬೆಳ್ದದ್ರಲ್ಲಿ ಅರ್ಧ ನಮ್ಗೆ."

"ಅಲ್ಲೇನ್ ಕೆಲ್ಸ ನಿಮ್ಗೆ?"

"ಗೊತ್ತಿಲ್ಲ. ಹೋದ್ಮೇಲೆ ನೋಡ್ಬೇಕು. ಅವ್ಳು ಒಬ್ಳೇ ಅವ್ಳೆ."

"ಹೆಂಡ್ತಿ ಸಂಬ್ಳ ತಿನ್ನಾಕೋದ ಅಂತ ಜನ ಆಡ್ಕತಾರೆ."

"ಈಗ್ಲೂ ಆಡ್ಕತಾವ್ರಲ್ಲ, ಮಾವ."

ಅವರು ಎದ್ದು ಹೋಗಿ ಅಂಗಡಿಯ ರಾಗಿ ಚೀಲವೊಂದರ ಬಾಯಿ ಬಿಗಿದು ಕಟ್ಟಿದರು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಒಲೆ ಉರಿಸುವ ಸದ್ದು ಕೇಳಿತು. ಇಲ್ಲಿನ ಪಟೇಲರ ಎದುರು ರುಜು ಹಾಕಿದರೂ ಸಾಕು, ಹುಣಸೂರಿನಲ್ಲಿ ಸಾಹೇಬರ ಮುಂದೆ ನನ್ನ ಸೋದರಮಾವ ನಿಲ್ಲುತ್ತಾನೆ ಎಂದು ಹೇಳಿ ನಾನು ಲೇಖನಿ ತೆಗೆದೆ. ಮಾವ ಬೇಡವೆಂದು ಕೈ ಮಾಡಿದರು.

"ಇಲ್ಲಿ ಹಾಕಲ್ಲ. ಸಾಯೇಬ್ರ ಮುಂದೇನೆ ಹಾಕ್ತೀನಿ. ಬೆಳಿಗ್ಗೆ ಎಷ್ಟೊತ್ಗೆ ಬಸ್ಸು?"

ಗುರುವಾರ ಹನ್ನೊಂದು ಗಂಟೆಗೆ ಹುಣಸೂರಿನ ಕಚೇರಿಯಲ್ಲಿದ್ದೆವು. ಮಾವ ಬಿಳಿ ರುಮಾಲು ಸುತ್ತಿ, ಮದುವೆಮನೆಗೆ ಹಾಕುವ ಕೋಟು ಹಾಕಿಕೊಂಡಿದ್ದರು. ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು, ಮಗಳಿರುವ ಊರು ಯಾವುದೆಂದು ಒಮ್ಮೆ ಕೇಳಿ ಕಿಟಕಿಯ ಕಡೆ ತಿರುಗಿದ್ದರು. ಹನ್ನೆರಡೂವರೆಗೆ ನಮ್ಮನ್ನು ಕರೆದರು. ಮ್ಯಾಜಿಸ್ಟ್ರೇಟರು ನಡುವಯಸ್ಸಿನವರು, ಮೆಲುಮಾತಿನವರು. ಅಯ್ನೋರ ಹಾಳೆಯನ್ನೂ ನಮ್ಮ ಕಾಗದವನ್ನೂ ಓದಿ ಮುಗಿಸಿ ಮಾವನನ್ನು ಕೇಳಿದರು:

"ಇವರಿಬ್ಬರು ಇವತ್ತಿಗೂ ಗಂಡಹೆಂಡಿರು ಅಂತ ಬರೆದಿದೆ. ಅದು ನಿಮಗೆ ಹೇಗೆ ಗೊತ್ತು?"

ನನ್ನ ಮಗಳಲ್ಲವೇ ಎಂದಿದ್ದರೆ ಸಾಕಾಗಿತ್ತು. ಮಾವ ಕೋಟಿನ ಗುಂಡಿ ಸರಿಮಾಡಿಕೊಂಡರು.

"ನಿನ್ನೆವರ್ಗೂ ನಂಗೂ ಅನುಮಾನ ಇತ್ತು, ಸ್ವಾಮಿ," ಎಂದರು. "ಈಗಿಲ್ಲ."

ಸಾಹೇಬರು ತಲೆ ಎತ್ತಿ ಅವರನ್ನೂ ನನ್ನನ್ನೂ ನೋಡಿದರು. ರುಜು ಹಾಕುವ ಜಾಗ ತೋರಿಸಿದರು. ಮಾವ ತಮ್ಮ ಪೂರ್ತಿ ಹೆಸರನ್ನು, ತಂದೆಯ ಹೆಸರು ಸಮೇತ, ದಪ್ಪ ಅಕ್ಷರದಲ್ಲಿ ಬರೆದರು. ಸಾಹೇಬರ ರುಜು, ಅದರ ಕೆಳಗೆ ಮೊಹರು ಬಿತ್ತು. ಅಲ್ಲಿಂದ ನೇರ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿದೆ. ಮಾವ ಲಕೋಟೆಯನ್ನು ಕೈಗೆ ತೆಗೆದುಕೊಂಡು ಅಂಟು ಹಿಡಿದಿದೆಯೇ ಎಂದು ನಾಲ್ಕು ಅಂಚೂ ಒತ್ತಿ ನೋಡಿದರು.

ವೀಸಾ ನಲವತ್ತು ದಿನದ ಮೇಲೆ ಬಂತು. ದೀಪಾವಳಿ ಕಳೆದು ಬೊಂಬಾಯಿಯಲ್ಲಿ ಹಡಗು ಹತ್ತಿ ಏಡನ್ನಿಗೂ, ಅಲ್ಲಿಂದ ಜಿಬೂಟಿಗೂ ಹೋಗಿ, ರೈಲಿನಲ್ಲಿ ಬೆಟ್ಟ ಏರಿ ಅವಳಿದ್ದಲ್ಲಿಗೆ ತಲುಪಿದೆ. ಅದು ದೊಡ್ಡ ಪ್ರಯಾಣವೇ. ಆದರೆ ಯಾರಾದರೂ ದಾರಿಯ ವಿಚಾರ ಕೇಳಿದರೆ ನನ್ನ ಬಾಯಿಗೆ ಮೊದಲು ಬರುವುದು ಆ ನಾಲ್ಕು ದಿನದ ಸುತ್ತಾಟ.

ಅಂದು ಅಂಚೆ ಕಚೇರಿಯಿಂದ ಬಸ್ ನಿಲ್ದಾಣಕ್ಕೆ ಬಂದಾಗ ಪಿರಿಯಾಪಟ್ಟಣದ ಬಸ್ಸು ಮೊದಲು ಹೊರಡುವುದರಲ್ಲಿತ್ತು. ಮಾವ ಹತ್ತಿ ಕಿಟಕಿಯ ಪಕ್ಕ ಕೂತರು. ಕಂಡಕ್ಟರು ಸೀಟಿ ಊದಿದ ಮೇಲೆ ತಲೆ ಹೊರಗೆ ಹಾಕಿ ಕೂಗಿದರು:

"ಅಳೀಂದ್ರೇ, ಆ ಊರಿನ್ ಹೆಸ್ರು ಏನಂದ್ರಿ?"

"ಅಡಿಸ್ ಅಬಾಬ!"

"ಅಡಿ... ಸಬ್ಬಾಬ?"

ತಿದ್ದಿ ಹೇಳಿದೆ. ಎರಡು ಸಲ ಬಾಯಲ್ಲಿ ಆಡಿಸಿಕೊಂಡರು. ಬಸ್ಸು ಚಲಿಸಿತು. ಸೇತುವೆಯ ಕಡೆಗೆ ತಿರುಗುವವರೆಗೂ ನೋಡುತ್ತ ನಿಂತಿದ್ದೆ. ಅವರು ಪಕ್ಕದಲ್ಲಿ ಕೂತ ಅಪರಿಚಿತನ ಕಡೆ ಪೂರ್ತಿ ತಿರುಗಿ, ಕೈಯಾಡಿಸುತ್ತ, ಆ ಹೆಸರನ್ನು ಅವನಿಗೆ ಕಲಿಸುತ್ತಿದ್ದರು.