ಗೋಡೆಯಿಂದ ಇಳಿದು ಬಂದ ಚಿಕ್ಕಬಸಪ್ಪ

ಕವಲಂದೆಯ ಚಿಕ್ಕಬಸಪ್ಪನವರು ತೀರಿಕೊಂಡರು ಎಂದು ಈ ಲೇಖಕ ಒಂದಿಡೀ ದಿನ ನಂಬಿದ್ದುಂಟು. ನಂಜನಗೂಡಿನ ಹೋಟೆಲೊಂದರಲ್ಲಿ ಇಡ್ಲಿ ಮುರಿಯುತ್ತಾ ತಲೆಯೆತ್ತಿದರೆ ಟಿ.ವಿ.ಯಲ್ಲಿ ಅವರ ಫೋಟೊ. ಹಣೆಗೆ ಕುಂಕುಮ, ಕೊರಳಿಗೆ ಗಂಧದ ಹಾರ, ಎದುರಿಗೆ ಬಿಕ್ಕಿ ಬಿಕ್ಕಿ ಅಳುವ ಹೆಂಗಸು. ಗದ್ದಲದಲ್ಲಿ ಮಾತೊಂದೂ ಕೇಳಿಸಲಿಲ್ಲ. ಟಿ.ವಿ.ಯಲ್ಲಿ ಬರುವಷ್ಟು ದೊಡ್ಡ ಸಾವು ಸತ್ತರಲ್ಲ ಎಂದು ಬೆರಗಾಗಿ, ಮಾರನೆಯ ದಿನ ಮುಖವನ್ನು ಸೂತಕಕ್ಕೆ ತಕ್ಕಷ್ಟು ಇಳಿಬಿಟ್ಟುಕೊಂಡು ಕವಲಂದೆಗೆ ಹೋದರೆ, ಕಾಲಿಗೆ ನೀರು ಕೊಡಲು ಚೊಂಬು ಹಿಡಿದು ಬಾಗಿಲಲ್ಲಿ ನಿಂತವರು ಸಾಕ್ಷಾತ್ ಚಿಕ್ಕಬಸಪ್ಪನವರೇ.

"ಓ, ಸೀರಿಯಲ್ ನೋಡ್ಬುಟ್ರಾ ಸಾ?" ಎಂದು ಅವರು ಹಲ್ಲು ಬಿಟ್ಟರು. "ಎಂಗಿತ್ತು ನನ್ ಪಾಲ್ಟು?"

ಅವರ ಪಾರ್ಟು ಅದೇ. ಸತ್ತ ತಂದೆಯ ಫೋಟೊ.

ಡೇರಿಗೆ ಹಾಲು ಹಾಕುತ್ತ, ಎರಡು ಎಮ್ಮೆ ಮತ್ತು ಒಂದಿಷ್ಟು ಬಾಳೆ ತೋಟದೊಂದಿಗೆ ಹಾಯಾಗಿದ್ದ ಚಿಕ್ಕಬಸಪ್ಪನವರನ್ನು ಈ ರಂಗಕ್ಕೆ ತಂದವನು ನಂಜನಗೂಡಿನ ಹುಡುಗ ನಂಜೇಶ್. ಸೀರಿಯಲ್ ಕಂಪನಿಯಲ್ಲಿ ಸಹಾಯಕ ನಿರ್ದೇಶಕ. ಹಣೆ ಅಗಲ, ಮೀಸೆ ದಪ್ಪ, ಕಣ್ಣಲ್ಲಿ ಯಾರನ್ನೋ ಕ್ಷಮಿಸಿದಂಥ ನೋಟ. ಇಂಥ ಮುಖ ಬದುಕಿರುವವರಲ್ಲಿ ಸಿಗುವುದು ಅಪರೂಪ ಅನ್ನಿಸಿ ಅವನು ಇವರನ್ನು ಸ್ಟುಡಿಯೊಗೆ ಕರೆದೊಯ್ದು ಫೋಟೊ ತೆಗೆಸಿದ. ಆ ಸೀರಿಯಲ್ ವರ್ಷಗಟ್ಟಲೆ ನಡೆಯಿತು. ಮುಗಿದ ಮೇಲೆ ಫೋಟೊ ಇನ್ನೊಂದು ಸೀರಿಯಲ್ಲಿನ ಗೋಡೆಗೆ ಹೋಯಿತು, ಅಲ್ಲಿಂದ ಮತ್ತೊಂದಕ್ಕೆ. ಹಾಗಾಗಿ ಚಿಕ್ಕಬಸಪ್ಪನವರಿಗೆ ಕವಲಂದೆಯಲ್ಲಿ ಒಬ್ಬಳೇ ಹೆಂಡತಿಯಿದ್ದರೂ ತೆರೆಯ ಮೇಲೆ ನಾಲ್ಕಾರು ವಿಧವೆಯರು.

ಇಷ್ಟಾದ ಮೇಲೆ ಮನುಷ್ಯ ಕಲಾವಿದನಾಗದೆ ಇರುತ್ತಾನೆಯೇ? ಮನೆಯ ಗೇಟಿಗೆ 'ಕಿರುತೆರೆ ಕಲಾವಿದರು' ಎಂಬ ಬೋರ್ಡು ಬಂತು. ಡೇರಿಯ ಮುಂದೆ ಕ್ಯಾನು ಇಳಿಸುತ್ತಾ ಅವರು ಹಿಂದಿನ ಸಂಜೆಯ ತಮ್ಮ ಅಭಿನಯವನ್ನು ವಿಮರ್ಶಿಸುವುದು ವಾಡಿಕೆಯಾಯಿತು.

"ನಿನ್ನೆ ಮಗಳು ಮನೆ ಬುಟ್ಟು ಓಯ್ತಾಳಲ್ಲ, ಆಗ ನನ್ ಮುಖ ನೋಡ್ದಾ? ವಸಿ ಸಿಟ್ಟು, ವಸಿ ದುಕ್ಕ."

"ಮೊನ್ನೆ ಮದ್ವೆ ಸೀನಲ್ಲೂ ಅದೇ ಮುಖಾನೆ ಇತ್ತಲ್ಲಾ ಮಾರಾಯ," ಎಂದು ಡೇರಿಯ ಸೋಮಶೇಖರ್ ಹಾಲಿನಿಂದ ಕಣ್ಣೆತ್ತದೆ ಅನ್ನುತ್ತಿದ್ದ.

"ಅದು ಸಂತೋಸ. ನಿಂಗೆ ವ್ಯತ್ಯಾಸ ಗೊತ್ತಾಗಕಿಲ್ಲ ಬುಡ್ಲಾ."

ಇದೆಲ್ಲವನ್ನೂ ಸಹಿಸದ ಏಕೈಕ ಪ್ರೇಕ್ಷಕಿ ಅವರ ಹೆಂಡತಿ ಸಣ್ಣತಾಯಮ್ಮ. ಬದುಕಿರುವ ಗಂಡನ ಫೋಟೊಗೆ ಹಾರ ಹಾಕುವುದೆಂದರೆ ಏನು? ಸೀರಿಯಲ್ ಮುಗಿದೊಡನೆ ಆಕೆ ಉಪ್ಪು, ಮೆಣಸಿನಕಾಯಿ ಹಿಡಿದು ಗಂಡನಿಗೆ ದೃಷ್ಟಿ ತೆಗೆದು ಒಲೆಗೆ ಹಾಕುತ್ತಿದ್ದಳು. ಘಾಟಿಗೆ ಕಲಾವಿದರು ಕೆಮ್ಮುತ್ತಾ ಜಗುಲಿಗೆ ಓಡುತ್ತಿದ್ದರು. ಒಂದು ಸಂಜೆ ಆಕೆ ಒಲೆಯ ಮುಂದಿನಿಂದಲೇ ತೀರ್ಪು ಕೊಟ್ಟಳು: "ನೋಡಿ, ನೀವು ಎದ್ದು ಓಡಾಡೋ ಪಾಲ್ಟು ಕೊಟ್ರೆ ಮಾಡಿ. ಇಲ್ದಿದ್ರೆ ಆ ಪೋಟೋ ಇಳಿಸ್ಬುಡಕ್ಕೇಳಿ. ಮುತ್ತೈದೆ ಕುಂತ್ಕಂಡು ದಿನಾ ಇದ್ನೆಲ್ಲ ನೋಡಕಾಯ್ತದ?"

ಚಿಕ್ಕಬಸಪ್ಪನವರಿಗೂ ಒಳಗೊಳಗೆ ಅದೇ ಆಸೆ. ಒಂದು ಸಲ, ಒಂದೇ ಒಂದು ಸಲ, ರೆಪ್ಪೆ ಬಡಿದು ಬಾಯಿ ಬಿಟ್ಟು ಟಿ.ವಿ.ಯಲ್ಲಿ ಕಾಣಿಸಿಕೊಳ್ಳಬೇಕು, ಸೋಮಶೇಖರ್ ಕ್ಯಾನು ಕೆಳಗಿಟ್ಟು ನೋಡಬೇಕು. ಅದಾಗದಿದ್ದರೆ ಇದ್ದ ಗೋಡೆಯೂ ಹೋಗುತ್ತದೆ.

ಅಷ್ಟರಲ್ಲಿ ನಂಜೇಶನ ಫೋನು. "ಬಸಪ್ಪಣ್ಣ, ಫ್ಲ್ಯಾಶ್‌ಬ್ಯಾಕ್ ಬತ್ತಾ ಅದೆ. ನೀವು ಬದುಕಿದ್ದಾಗಿನ ಸೀನು. ಒಂದು ಡೈಲಾಗೂ ಅದೆ."

'ಮಗಳೇ, ಈ ಮನೆಯ ಮರ್ಯಾದೆ ನಿನ್ನ ಕೈಯಲ್ಲಿದೆ.' ಇಷ್ಟೇ ಡೈಲಾಗು. ಚಿಕ್ಕಬಸಪ್ಪನವರು ಅದನ್ನು ಎಮ್ಮೆಗಳ ಮುಂದೆ ಹೇಳಿ ಹೇಳಿ ಅವು ಹಾಲು ಕಮ್ಮಿ ಮಾಡಿದವು. ಶೂಟಿಂಗು ಸೋಮನಾಥಪುರದ ಹತ್ತಿರದ ಒಂದು ತೊಟ್ಟಿಮನೆಯಲ್ಲಿ. ನಂಜನಗೂಡಿಗೊಂದು ಬಸ್ಸು, ನರಸೀಪುರಕ್ಕೊಂದು ಬಸ್ಸು, ಮುಂದಕ್ಕೆ ಆಟೊ. ಸಣ್ಣತಾಯಮ್ಮನೂ ಹೊರಟಳು. ಯಾವ ಗೋಡೆಗೆ ಗಂಡನನ್ನು ಮೊಳೆ ಹೊಡೆದಿದ್ದಾರೆಂದು ಆಕೆ ಕಣ್ಣಾರೆ ನೋಡಬೇಕಿತ್ತು.

ಚಿಕ್ಕಬಸಪ್ಪನವರಿಗೆ ನಟನೆಯೆಂದರೆ ಊರಿನ ಪೌರಾಣಿಕ ನಾಟಕ. ಅಲ್ಲಿ ಕೊನೆಯ ಚಾಪೆಯ ಮೇಲೆ ಕೂತ ಮುದುಕನಿಗೂ ಕೇಳಿಸುವಂತೆ ಅಬ್ಬರಿಸಿದರೆ ಮಾತ್ರ ಪಾತ್ರ ಗೆದ್ದಂತೆ. ನಿರ್ದೇಶಕ ಗುರುಪ್ರಸಾದ್ 'ಆ್ಯಕ್ಷನ್' ಎಂದದ್ದೇ ತಡ, ಅವರು ಎರಡು ಹೆಜ್ಜೆ ಹಿಂದೆ ಸರಿದು, ತೊಡೆ ತಟ್ಟಿ, ಆಕಾಶಕ್ಕೆ ಕೈಯೆತ್ತಿ "ಮಗಳೇ...!" ಎಂದು ರಾಗ ತೆಗೆದರು. ಮಗಳ ಪಾತ್ರದ ಹುಡುಗಿ ಬೆಚ್ಚಿ ಕಂಬಕ್ಕೆ ಆತುಕೊಂಡಳು. ಧ್ವನಿ ಹಿಡಿಯುವವನು ಕಿವಿಯ ಮೇಲಿದ್ದ ಹೆಡ್‌ಫೋನು ಕಿತ್ತೆಸೆದ.

"ಸರ್, ಮೈಕ್ ಇದೆ. ಮನೇಲಿ ಮಾತಾಡೋ ಹಾಗೆ ಮಾತಾಡಿ," ಎಂದ ಗುರುಪ್ರಸಾದ್.

ಮನೆಯಲ್ಲಿ ಮಾತಾಡುವ ಹಾಗೆ ಮಾತಾಡಿದರು. "ಮಗ, ಈ ಮನೆ ಮರ್ವಾದೆ ನಿನ್ ಕೈಲದೆ ಕನವ್ವ."

"ಇವರು ಕೋಟ್ಯಧೀಶರು ಸರ್. ಕೋಟ್ಯಧೀಶರು ಹಾಗೆ ಮಾತಾಡಲ್ಲ."

"ನಮ್ಮೂರಲ್ಲಿ ಮಾತಾಡ್ತರೆ ಕನಿ," ಎಂದು ಕಲಾವಿದರು ವಾದಕ್ಕೆ ನಿಂತರು. ಗಂಟೆ ಸರಿಯಿತು. ತೊಡೆ ತಟ್ಟುವುದು ಬಿಟ್ಟರೆ ಮಾತು ಮರೆಯುತ್ತಿತ್ತು, ಮಾತು ನೆನಪಾದರೆ ಕೈ ತಾನಾಗಿ ತೊಡೆಗೆ ಹೋಗುತ್ತಿತ್ತು. ಕೊನೆಗೆ ಗುರುಪ್ರಸಾದ್ ಡೈಲಾಗು ತೆಗೆದುಹಾಕಿ, ತಂದೆ ಗೇಟಿನಾಚೆ ನಡೆದುಹೋಗುವ ಶಾಟು ತೆಗೆದ. ಬೆನ್ನು ಮಾತ್ರ.

ಇತ್ತ ಈ ರಗಳೆ ನಡೆದಿರುವಾಗ ಸಣ್ಣತಾಯಮ್ಮ ಒಳಗೆ ನಡುಮನೆಯಲ್ಲಿ ಗಂಡನ ಫೋಟೊ ಕಂಡಳು. ಮುಂದೆ ದೀಪ, ಊದುಬತ್ತಿ. ಟಿ.ವಿ.ಯಲ್ಲಿ ಅಂಗೈಯಗಲ ಕಾಣುತ್ತಿದ್ದುದು ಇಲ್ಲಿ ಆಳೆತ್ತರ. ಆಕೆ ಆಚೀಚೆ ನೋಡಲಿಲ್ಲ. ಸ್ಟೂಲು ಎಳೆದು ಹತ್ತಿ, ಹಾರ ಕಿತ್ತು, ಸೆರಗಿನಿಂದ ಕುಂಕುಮ ಒರೆಸಿ, ದೀಪ ಆರಿಸಿ, ಹಾರವನ್ನು ಹಿತ್ತಿಲ ಬಾವಿಗೆ ಹಾಕಿ ಬಂದು ಗಂಡನ ಪಕ್ಕ ಕೂತಳು. ಊಟವಾದ ಮೇಲೆ ಅದೇ ಫೋಟೊದ ಮುಂದೆ ಮಗಳು ಅಳುವ ದೃಶ್ಯ ತೆಗೆದರು. ಹೊತ್ತು ಮೀರಿದ್ದರಿಂದ ಎಲ್ಲರ ಕಣ್ಣೂ ಗಡಿಯಾರದ ಮೇಲಿತ್ತು. ಫೋಟೊದ ಬೋಳು ಕೊರಳು ಯಾರಿಗೂ ಕಾಣಲಿಲ್ಲ.

ವಾಪಸು ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಚಿಕ್ಕಬಸಪ್ಪನವರೇ ಹೇಳಿದರು: "ಆಯ್ತು ಕನಮ್ಮಿ. ನಾಳೆ ನಂಜೇಶಂಗೆ ಪೋಟೋ ಇಳಿಸು ಅಂತೀನಿ. ನನ್ ಬೆನ್ನು ನೋಡಿ ಯಾರ್ ಗುರ್ತು ಹಿಡ್ದಾರು?"

"ನಾನ್ ಹಿಡೀತೀನಿ ಬುಡಿ," ಎಂದಳು ಸಣ್ಣತಾಯಮ್ಮ. ಬಾವಿಯ ವಿಷಯ ಮಾತ್ರ ಹೇಳಲಿಲ್ಲ.

ನಾಳೆ ಎಂಬುದು ಇವರಿಗೆ ಸಂಕೋಚದಲ್ಲಿ ಮುಂದೆ ಮುಂದೆ ಹೋಯಿತು. ಅಷ್ಟರಲ್ಲಿ ಆ ಕಂತು ಪ್ರಸಾರವಾಯಿತು. ಕರ್ನಾಟಕದ ಸೀರಿಯಲ್ ನೋಡುವ ಹೆಂಗಸರು ಕಥೆಯ ತಲೆಬುಡ ಕೇಳುವುದಿಲ್ಲ, ಆದರೆ ಕೊರಳಿನ ಹಾರ ಕಾಣೆಯಾದರೆ ಬಿಡುತ್ತಾರೆಯೇ? 'ಅಪ್ಪನಿಗೆ ಹಾರ ಇಲ್ಲ, ಕುಂಕುಮ ಇಲ್ಲ, ಹಾಗಾದರೆ ಅಪ್ಪ ಬದುಕಿದ್ದಾರೆ!' ಎಂದು ಫೋನಿನಲ್ಲಿ, ಫೇಸ್‌ಬುಕ್ಕಿನಲ್ಲಿ ಗುಲ್ಲೋ ಗುಲ್ಲು. ತಪ್ಪಾಯಿತೆಂದು ಒಪ್ಪಿಕೊಳ್ಳುವುದಕ್ಕಿಂತ ಸತ್ತವರನ್ನು ಬದುಕಿಸುವುದು ಚಾನೆಲ್ಲಿನವರಿಗೆ ಸುಲಭವೆನಿಸಿತು. ತಂದೆಯ ಪಾತ್ರಕ್ಕೆ ಹೆಸರುವಾಸಿ ನಟರನ್ನೇ ಹುಡುಕಿದರು. ಆದರೆ ವರ್ಷಗಳಿಂದ ಮನೆಮನೆಯ ಹೆಂಗಸರೂ ನೋಡಿ ಅತ್ತಿರುವ ಮುಖ ಒಂದೇ. ಅದನ್ನು ಬದಲಾಯಿಸುವಂತಿರಲಿಲ್ಲ.

ನಂಜೇಶ್ ಫೋನು ಮಾಡಿ ಮೊದಲು ಬಾವಿಯಲ್ಲಿ ಸಿಕ್ಕಿದ ಹಾರದ ಬಗ್ಗೆ ಬೈದ. ಹಾರದ ಸಂಗತಿ ಚಿಕ್ಕಬಸಪ್ಪನವರಿಗೆ ತಿಳಿದದ್ದೇ ಆಗ. ಬೈದು ಮುಗಿದ ಮೇಲೆ ಶೂಟಿಂಗಿಗೆ ಡೇಟು ಕೇಳಿದ.

"ಡೈಲಾಗು?" ಎಂದರು ಇವರು.

"ಆಕ್ಸಿಡೆಂಟಲ್ಲಿ ಮಾತು ಓಗ್ಬುಟ್ಟದೆ ಅಣ್ಣ ನಿಮ್ಗೆ. ಎಲ್ಲಾರ್ ಮಾತ್ನೂ ಬಾಗ್ಲು ಮರೇಲಿ ನಿಂತ್ಕಂಡು ಕೇಳುಸ್ಕತೀರಿ. ಕೇಳಿ ಕಣ್ಣು ದೊಡ್ದು ಮಾಡ್ತೀರಿ. ಅಷ್ಟೆ."

ಅಷ್ಟೇ ಸಾಕಾಯಿತು. ಮೊದಲ ದಿನ ಅವರು ಬಾಗಿಲ ಮರೆಯಿಂದ ರೆಪ್ಪೆ ಬಡಿದಾಗ ಸೋಮಶೇಖರ್ ಕ್ಯಾನು ಕೆಳಗಿಟ್ಟು ನೋಡಿದನೆಂದು ಕವಲಂದೆಯಲ್ಲಿ ಪ್ರತೀತಿ. ಸಣ್ಣತಾಯಮ್ಮ ಮೆಣಸಿನಕಾಯಿಯನ್ನು ಸಾರಿಗೆ ಹಾಕತೊಡಗಿದಳು. "ಮಾತಿಲ್ದೆ ಮಾಡೋದು ಎಲ್ಲಾರ್ ಕೈಲಿ ಆಯ್ತದ?" ಎಂದು ಚಿಕ್ಕಬಸಪ್ಪನವರು ಡೇರಿಯಲ್ಲಿ ಮಾತಿನ ಮಳೆ ಸುರಿಸಿದರು. ಆದರೆ ಸೀರಿಯಲ್ಲಿನ ಸಂಸಾರದಲ್ಲಿ ಗುಟ್ಟುಗಳಿಗೆ ಕೊನೆಯಿಲ್ಲ. ಪ್ರತಿ ಗುಟ್ಟಿಗೂ ಬಾಗಿಲ ಮರೆಯಲ್ಲಿ ಒಬ್ಬರು ನಿಲ್ಲಲೇಬೇಕು. ಬೆಳಿಗ್ಗೆ ನಿಂತವರು ಸಂಜೆ ಲೈಟು ಆರಿಸುವವರೆಗೂ ನಿಂತೇ ಇರುತ್ತಿದ್ದರು.

ಮೊನ್ನೆ ನರಸೀಪುರದ ಯೂಟ್ಯೂಬ್ ಚಾನೆಲ್ಲಿನಿಂದ ಭಾನುಪ್ರಿಯಾ ಎಂಬ ಹುಡುಗಿ ಸಂದರ್ಶನಕ್ಕೆ ಬಂದಿದ್ದಳು. ಕಲಾವಿದರು ಇಸ್ತ್ರಿ ಮಾಡಿದ ಶರಟು ತೊಟ್ಟು, ಬೋರ್ಡು ಕಾಣುವಂತೆ ಗೇಟಿನ ಪಕ್ಕ ಕುರ್ಚಿ ಹಾಕಿಸಿ ಕೂತರು. ಹುಡುಗಿ ಮೈಕು ಮುಂದೆ ಚಾಚಿ, ಧ್ವನಿಯನ್ನು ಬಹಳ ಗಂಭೀರ ಮಾಡಿಕೊಂಡು ಕೇಳಿದಳು: "ಸರ್, ನೀವು ಸಾವನ್ನೂ ನೋಡಿದ್ದೀರಿ, ಮತ್ತೆ ಬದುಕಿಯೂ ಬಂದಿದ್ದೀರಿ. ನಿಮ್ಮ ಅನುಭವದಲ್ಲಿ ಎರಡರಲ್ಲಿ ಯಾವುದು ಚೆಂದ?"

ಚಿಕ್ಕಬಸಪ್ಪನವರು ಬಗ್ಗಿ ಮೀನಖಂಡ ಒತ್ತಿಕೊಂಡರು.

"ಸತ್ತಿದ್ದೇ ಚೆಂದಾಗಿತ್ತು ಕನವ್ವ. ಆಗ ನಾನ್ ಮನೇಲಿ ಮಲಗಿದ್ರೂ ಪೋಟೋ ಕೆಲ್ಸ ಮಾಡ್ತಿತ್ತು."