ನೀಲಿ ಸಮುದ್ರದ ವಾಚು ಮನೆಯಲ್ಲೇ ಉಳಿಯಿತು

ನಮ್ಮ ಮನೆಯವರು ಬಳ್ಳಾರಿ ದಾಟಿ ಎರಡು ದಿನ ಹೊರಗೆ ಉಳಿದವರಲ್ಲ. ಪರಸ್ಥಳದ ಊಟ ಒಗ್ಗುವುದಿಲ್ಲ. ಆದರೂ ಜಗತ್ತಿನ ಇಪ್ಪತ್ನಾಲ್ಕು ಊರುಗಳ ಹೊತ್ತನ್ನು ಒಟ್ಟಿಗೆ ತೋರಿಸುವ ಕೈಗಡಿಯಾರಗಳು ನಮ್ಮ ಹೊಸಪೇಟೆಯ ಮನೆಯ ಕಪಾಟಿನಲ್ಲಿ ಐದಿವೆ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ನನ್ನ ಗಂಡನಿಗೆ ಕುಡಿತವಿಲ್ಲ, ಇಸ್ಪೀಟಿಲ್ಲ, ಇದೊಂದೇ ಹುಚ್ಚು. ಅದನ್ನೂ ನಾನು ದೇವರ ದಯೆ ಎಂದೇ ತಿಳಿದಿದ್ದೇನೆ.

ಐದರಲ್ಲಿ ಮೊದಲು ಕೊಂಡದ್ದು ನನ್ನ ಮೆಚ್ಚಿನದು. ನಡುವೆ ಜಗತ್ತಿನ ನಕಾಶೆ. ಕೂದಲೆಳೆಯಂಥ ಚಿನ್ನದ ತಂತಿಯಿಂದ ಗೆರೆ ಕಟ್ಟಿ, ಒಳಗೆ ಗಾಜಿನ ಪುಡಿಯ ಬಣ್ಣ ತುಂಬಿ, ಕುಲುಮೆಯಲ್ಲಿ ಮತ್ತೆ ಮತ್ತೆ ಸುಟ್ಟ ಎನಾಮಲ್ ಕೆಲಸ. ಆ ಸಮುದ್ರದ ನೀಲಿ ನೋಡಿದರೆ ಕಣ್ಣು ತಣ್ಣಗಾಗುತ್ತದೆ. ಸುತ್ತಲೂ ಊರುಗಳ ಹೆಸರು. ಎಲ್ಲ ಪೂರ್ತಿ ಗಂಟೆಯ ಲೆಕ್ಕ, ನಮ್ಮ ದೇಶದ ಐದೂವರೆಯ ಆ ಅರ್ಧ ಗಂಟೆಗೆ ಮಾತ್ರ ಅಲ್ಲಿ ಜಾಗವಿಲ್ಲ. ಕರಾಚಿಗೂ ಢಾಕಾಕ್ಕೂ ನಡುವೆ ಎಲ್ಲೋ ನಾವು. ದಿನಾ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಕೈ ಒರೆಸಿಕೊಂಡು ಅದಕ್ಕೆ ಕೀಲಿ ಕೊಡುವುದು ನನ್ನ ಕೆಲಸ. ಹನ್ನೊಂದು ವರ್ಷ ಒಂದು ದಿನವೂ ತಪ್ಪಿಲ್ಲ.

ಹೋದ ಶ್ರಾವಣದಲ್ಲಿ ಹಳೇ ವಾಚುಗಳ ವ್ಯಾಪಾರಿಯೊಬ್ಬರು ಮನೆಗೆ ಬಂದರು. ಅವರು ತಂದ ವಾಚಿನ ಮೇಲೆ ಹಸಿರು ಕಡಲು, ಅದರಲ್ಲೊಂದು ಹಾಯಿ ಹಡಗು. ಚಂದವಿತ್ತು, ಸುಳ್ಳು ಹೇಳಬಾರದು. ನಮ್ಮವರು ಅದನ್ನು ಮಣಿಕಟ್ಟಿನ ಮೇಲೆ ಇಟ್ಟುಕೊಂಡವರು ತೆಗೆಯಲೇ ಇಲ್ಲ.

“ಇದರ ಬದಲಿ ಆ ನೀಲಿದು ಕೊಡ್ರಿ, ಮ್ಯಾಲ ಸ್ವಲ್ಪ ಹಾಕ್ರಿ. ಇಂಥದ್ದು ಮತ್ತ ಸಿಗಂಗಿಲ್ಲ,” ಎಂದರು ವ್ಯಾಪಾರಿ.

ನಮ್ಮವರು ನನ್ನ ಕಡೆ ನೋಡಿದರು. “ಏನಂತಿ?”

“ನಂದೇನದ? ವಾಚು ನಿಮ್ದು,” ಅಂದೆ. ಆದರೂ ಕೈ ಚಾಚಿದೆ. “ಒಮ್ಮೆ ನೋಡ್ತೀನಿ ಕೊಡ್ರಿ.”

ಎಡ ಅಂಗೈ ಲಿಂಗಕ್ಕೆ ಮೀಸಲು. ಬಲಗೈಯಲ್ಲಿ ತೆಗೆದುಕೊಂಡೆ.

ನಾನು ಭತ್ತ ಬೆಳೆಯುವ ಬುಕ್ಕಸಾಗರದವಳು. ಅಕ್ಕಿ ಆರಿಸುವುದನ್ನು ಕಲಿಸಿದ್ದು ನನ್ನ ಅಜ್ಜಿ. ಮೊರವನ್ನು ಮೇಲಿನಿಂದ ನೋಡಿದರೆ ಬಿಳಿ ಕಲ್ಲು ಸಿಗುವುದಿಲ್ಲ. ಬಾಗಿಲಲ್ಲಿ ಕೂತು, ಮೊರ ಎತ್ತಿ, ಓರೆ ಬೆಳಕಿನಲ್ಲಿ ಪಕ್ಕದಿಂದ ನೋಡಬೇಕು. ಅಕ್ಕಿಯ ಹೊಳಪು ಬೇರೆ, ಕಲ್ಲಿನ ಹೊಳಪು ಬೇರೆ. ಗಿರಣಿಯಲ್ಲಿ ಈಗ ಕಲ್ಲು ತೆಗೆಯುವ ಯಂತ್ರವಿದೆ. ಆದರೂ ನಮ್ಮ ಮನೆಯ ಅಕ್ಕಿ ನನ್ನ ಮೊರ ದಾಟದೆ ಒಲೆಗೆ ಹೋಗುವುದಿಲ್ಲ. “ನನ್ನ ಮಷಿನ್ನಿಗೆ ಅವಮಾನ ಮಾಡ್ತಾಳ ಇಕಿ,” ಎಂದು ನಮ್ಮವರು ನಗುತ್ತಾರೆ.

ಹೊಸ್ತಿಲ ಹತ್ತಿರ ಹೋಗಿ ವಾಚನ್ನು ಮೊರದಂತೆಯೇ ಓರೆ ಹಿಡಿದೆ. ಕಲ್ಲು ಸಿಗಲಿ ಎಂದು ಬೇಡಿಕೊಂಡೇ ನೋಡಿದೆ, ಅದನ್ನು ಮುಚ್ಚಿಡುವುದಿಲ್ಲ. ಸಿಗದಿದ್ದರೆ ಹುಟ್ಟಿಸುತ್ತಿರಲಿಲ್ಲ, ಅದೂ ನಿಜ.

ಹಡಗಿನ ಕೆಳಗೆ ಅರ್ಧ ಅಕ್ಕಿಕಾಳಿನಷ್ಟು ಜಾಗ ಮಂಕಾಗಿತ್ತು. ಉಳಿದ ಕಡಲೆಲ್ಲ ಗಾಜಿನಂತೆ ಮಿಂಚಿದರೆ ಅಷ್ಟು ಮಾತ್ರ ಗೋಡೆಗೆ ಬಳಿದ ಬಣ್ಣದಂತೆ. ಅಲ್ಲಿಂದ ಒಂದು ಸಣ್ಣ ಗೆರೆ ಅಂಚಿನವರೆಗೆ ಓಡಿತ್ತು.

“ಇದು ಸುಟ್ಟ ಬಣ್ಣ ಅಲ್ರಿ. ಇಲ್ಲಿ ಒಡೆದಿತ್ತು, ಆಮ್ಯಾಲ ಹಚ್ಯಾರ.”

ವ್ಯಾಪಾರಿ ನಕ್ಕರು. “ಅಕ್ಕಾರ, ನಾನು ಮೂವತ್ತು ವರ್ಷದಿಂದ ಇದರಾಗ ಅದೀನಿ.”

“ನಾನು ಅಕ್ಕಿ ಆರಸಾಕ ಹತ್ತಿ ನಲವತ್ತಾತ್ರಿ.”

ಅವರು ಕಣ್ಣಿಗೆ ಭೂತಗನ್ನಡಿ ಹಚ್ಚಿ, ನಾನು ನಿಂತ ಕಡೆಯೇ ನಿಂತು ನೋಡಿದರು. ಚಹಾ ಆರುವಷ್ಟು ಹೊತ್ತು ನೋಡಿದರು. “ನನಗ ಕೊಟ್ಟಾವ ಇದನ್ನ ಹೇಳಿಲ್ಲ ನೋಡ್ರಿ,” ಎಂದರು ಕೊನೆಗೆ. ಮುಖ ಸಣ್ಣದಾಗಿತ್ತು. ಮೋಸ ಹೋದವರು ಅವರೇ.

“ಕುಂದ್ರಿ, ಮಿರ್ಚಿ ಭಜಿ ಬಿಸಿ ಅದಾವ, ತಿಂದು ಹೋಗ್ರಿ,” ಅಂದೆ.

ವ್ಯಾಪಾರಿ ತಮ್ಮ ವಾಚು ತೆಗೆದುಕೊಂಡು ಹೋದರು. ಮರುವಾರ ಸಂಡೂರಿನ ಗೆಳೆಯರೊಬ್ಬರು ಫೋನಿನಲ್ಲಿ ಯಾವುದೋ ವಾಚಿನ ವಿಷಯ ತೆಗೆದಾಗ ನಮ್ಮವರು ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರು: “ತಗೊಂಡು ಬಾರಪ. ನಮ್ಮ ಮನ್ಯಾಗ ನೋಡವ್ರು ಅದಾರ.” ಒಗ್ಗರಣೆ ಸೀದದ್ದು ನನಗೆ ಗೊತ್ತೇ ಆಗಲಿಲ್ಲ.

ಮರುದಿನ ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಅವರು ನೀಲಿ ವಾಚನ್ನು ತಂದು ನನ್ನ ಮುಂದೆ ಹಿಡಿದರು.

“ಕೊಟ್ಟಬಿಡ್ತಿದ್ದೆ ಇದನ್ನ. ಇದ್ರಾಗ ಏನರ ಅದ ಏನ ನೋಡು.”

ಸೆರಗಿಗೆ ಕೈ ಒರೆಸಿಕೊಂಡು, ಓರೆ ಮಾಡಿ, ಸಮುದ್ರ ಪೂರ್ತಿ ನೋಡಿದೆ.

“ಕಲ್ಲಿಲ್ಲ,” ಅಂದೆ. ಕೀಲಿ ಕೊಟ್ಟು ಅವರ ಕೈಗೆ ಕಟ್ಟಿದೆ.