ಅಪ್ಪ ಹೇಳಿದ ಮೇಲಿನ ಅರ್ಥ

ಅರವತ್ತರ ದಶಕದ ನಡುವಿನ ಮಾತು. ಗೋಕಾಕದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿದ್ದ ನನ್ನನ್ನು ಇಲಾಖೆಯವರು ಬೆಳಗಾವಿಗೆ ಒಂದು ತರಬೇತಿಗೆ ಕಳಿಸಿದರು. ಅಲ್ಲಿ ನಮಗೆ ಒಂದು ಏಣಿಯನ್ನು ಕಲಿಸಿದರು. ಪಾಠವನ್ನಾಗಲಿ ಪದ್ಯವನ್ನಾಗಲಿ ಕಲಿಯುವಾಗ ಮನುಷ್ಯನ ಬುದ್ಧಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆಯಂತೆ. ಎಲ್ಲಕ್ಕಿಂತ ಕೆಳಗಿನದು ನೆನಪು. ಅದರ ಮೇಲೆ ತಿಳಿವಳಿಕೆ, ಆಮೇಲೆ ಬಳಕೆ, ಬಿಡಿಸಿ ನೋಡುವುದು, ಕೂಡಿಸಿ ಕಟ್ಟುವುದು. ತುದಿಯಲ್ಲಿ, ಓದಿದ್ದನ್ನು ತೂಗಿ ನೋಡಿ ಇದು ಸರಿ, ಇದು ಸರಿಯಲ್ಲ ಎಂದು ಬೆಲೆ ಕಟ್ಟುವುದು. ಕೆಳಗಿನ ಮೆಟ್ಟಿಲು ಗಟ್ಟಿಯಿಲ್ಲದೆ ಮೇಲಿನದಕ್ಕೆ ಕಾಲಿಡಲು ಬರುವುದಿಲ್ಲ ಎಂದು ತರಬೇತಿ ಕೊಟ್ಟ ಸಾಹೇಬರು ಒತ್ತಿ ಒತ್ತಿ ಹೇಳಿದರು.

ಹೊಸದಾಗಿ ಸೈಕಲ್ ಕಲಿತವನ ಹಾಗಾಗಿತ್ತು ನನ್ನ ಸ್ಥಿತಿ. ಯಾವ ಪದ್ಯ ಕಂಡರೂ ಅದಕ್ಕೆ ಏಣಿ ಹಚ್ಚುತ್ತಿದ್ದೆ. ಆ ಚಿತ್ರವನ್ನು ದೊಡ್ಡ ಹಾಳೆಯ ಮೇಲೆ ಬರೆದು ಊರಿಗೂ ಒಯ್ದು ನಮ್ಮ ಮನೆಯ ಪಡಸಾಲೆಯ ಗೋಡೆಗೆ ಅಂಟಿಸಿದೆ. ನಮ್ಮೂರು ಹುಕ್ಕೇರಿ ತಾಲೂಕಿನಲ್ಲಿ, ಹತ್ತರಗಿಯಿಂದ ನಡೆದು ಹೋಗುವಷ್ಟು ದೂರದಲ್ಲಿತ್ತು. ಅಪ್ಪ ಹೊಲದಲ್ಲಿ ರಂಟೆ ಹೊಡೆದು ಬಂದವನು ಕಾಲು ತೊಳೆದು ಆ ಹಾಳೆಯ ಮುಂದೆ ನಿಂತ. ಕೆಳಗಿನ ಮೆಟ್ಟಿಲು ನೆನಪಿನದು ಎಂದು ನಾನು ವಿವರಿಸಿದಾಗ ಅವನಿಗೆ ನಗು ಬಂತು. ನೆನಪು ನಮ್ಮ ಎತ್ತಿಗೂ ಐತಿ, ಹೊಲದಿಂದ ತಾನೇ ಮನಿಗೆ ಬರತೈತಿ ಎಂದ. ಅದಕ್ಕೇ ಅದನ್ನು ಕೆಳಗೆ ಇಟ್ಟಿದ್ದಾರೆ ಎಂದು ನಾನೂ ನಕ್ಕೆ. ನೆನಪು ಅಗ್ಗದ ಸಾಮಾನು ಎಂದು ಆಗ ಇಬ್ಬರೂ ಒಪ್ಪಿಕೊಂಡಿದ್ದೆವು.

ಅಪ್ಪ ಬರೇ ಹೊಲ ಉಳುವ ಒಕ್ಕಲಿಗನಾಗಿರಲಿಲ್ಲ. ಊರಲ್ಲಿ ಅರ್ಥ ಹೇಳುವವನಾಗಿದ್ದ. ನಮ್ಮ ಕಡೆ ಶ್ರಾವಣ ಬಂತೆಂದರೆ ಗುಡಿಯ ಪಡಸಾಲೆಯಲ್ಲಿ ಪುರಾಣ ಹಚ್ಚುತ್ತಾರೆ. ಕಂಬಳಿ ಹಾಸಿ, ಗ್ಯಾಸ್ ಬತ್ತಿ ತೂಗುಹಾಕಿ, ಒಬ್ಬರು ಪದ್ಯವನ್ನು ರಾಗ ಮಾಡಿ ಓದುವುದು, ಇನ್ನೊಬ್ಬರು ಅದರ ಅರ್ಥ ಬಿಡಿಸಿ ಹೇಳುವುದು. ಓದುವವನು ಊರಿನ ಸಿಂಪಿಗ. ನಾವೆಲ್ಲ ಅವನನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ನನಗೆ ತಿಳಿವಳಿಕೆ ಬಂದಾಗಿನಿಂದ ಕಾಕಾ ಓದಿದ್ದಕ್ಕೆ ಅಪ್ಪನೇ ಅರ್ಥ ಹೇಳಿದ್ದು. ಅಪ್ಪನಿಗೆ ಊರಲ್ಲಿ ಇದ್ದ ಮರ್ಯಾದೆಯೆಲ್ಲ ಆ ಕಂಬಳಿಯ ಮೇಲೆ ಕೂತು ಗಳಿಸಿದ್ದು. ಹೊಲ ಎಲ್ಲರಿಗೂ ಇತ್ತು.

ಅವನಿಗೆ ಬಲು ಪ್ರೀತಿಯ ಭಾಗ ಒಂದಿತ್ತು. ಒಬ್ಬ ಬಡವಿಯ ಒಬ್ಬನೇ ಮಗ ರಾಜನ ದಂಡಿನ ಜೊತೆ ಹೋಗುತ್ತಾನೆ. ಮಗ ಬಂದೊಡನೆ ಬಿಸಿ ರೊಟ್ಟಿ ಬಡಿಯಬೇಕೆಂದು ತಾಯಿ ಒಲೆಯ ಬೆಂಕಿ ಆರಗೊಡುವುದಿಲ್ಲ. ಪದ್ಯಕ್ಕೊಮ್ಮೆ ಒಲೆ ಊದುತ್ತಾಳೆ, ಪದ್ಯಕ್ಕೊಮ್ಮೆ ಬಾಗಿಲಿಗೆ ಬಂದು ನೋಡುತ್ತಾಳೆ. ಕೊನೆಗೆ ದಂಡು ಬರುತ್ತದೆ, ಮಗ ಬರುವುದಿಲ್ಲ, ಅವನು ಸತ್ತ ಸುದ್ದಿ ಬರುತ್ತದೆ. ಅಪ್ಪ ಶಬ್ದದ ಅರ್ಥ ಮೊದಲು ಹೇಳಿ, ಕಥೆ ಹೇಳಿ, ಆಮೇಲೆ ಅದನ್ನು ನಮ್ಮೂರಿಗೆ ತಂದು, ಯುದ್ಧಕ್ಕೆ ಹೋದವರ ಮನೆಗಳನ್ನು ನೆನೆಸಿ, ನೀವಾಗಿದ್ದರೆ ಮಗನನ್ನು ಕಳಿಸುತ್ತಿದ್ದಿರಾ ಎಂದು ಹೆಂಗಸರ ಕಡೆ ತಿರುಗಿ ಕೇಳುತ್ತಿದ್ದ. ಮಗ ಬರಲಿಲ್ಲ ಎನ್ನುವ ಪದ್ಯಕ್ಕೆ ಬಂದಾಗ ಮಾತ್ರ ಒಂದು ಗುಟುಕು ನೀರು ಕುಡಿದು ಆಮೇಲೆ ಹೇಳುತ್ತಿದ್ದ. ಸೆರಗು ಕಣ್ಣಿಗೆ ಹಚ್ಚದ ಹೆಂಗಸು ಪಡಸಾಲೆಯಲ್ಲಿ ಇರುತ್ತಿರಲಿಲ್ಲ.

ಏಣಿ ತಂದ ಮರುವರ್ಷದ ಶ್ರಾವಣದಲ್ಲಿ ಅಪ್ಪ ಮೊದಲ ಸಲ ತಪ್ಪಿದ. ಅಂದು ಶನಿವಾರ, ಮುಂಜಾನೆಯ ಸಾಲೆ ಮುಗಿಸಿ ನಾನೂ ಊರಿಗೆ ಬಂದಿದ್ದೆ. ಕಾಕಾ ಓದಿದ್ದು ತಾಯಿ ಒಲೆ ಊದುವ ಪದ್ಯ. ಅಪ್ಪ ಹೇಳಿದ್ದು, ಮಗ ಒಲೆಯ ಮುಂದೆ ಕೂತು ತಾಯಿಯ ದಾರಿ ಕಾಯುತ್ತಿದ್ದಾನೆ ಎಂದು. ಮಂದಿ ಒಬ್ಬರನ್ನೊಬ್ಬರು ನೋಡಿದರು. ಊರಿನ ಮಂದಿಗೆ ಆ ಕಥೆ ಬಾಯಿಪಾಠ. ಆಗ ಮುಂದೆ ಕೂತಿದ್ದ ಹಿರಿಯರೊಬ್ಬರು ಕೈ ಮುಗಿದು ಹೇಳಿದರು:

"ಮಗಾ ಅಂದ್ರ ಜೀವ, ತಾಯಿ ಅಂದ್ರ ದೇವ್ರು. ಅಣ್ಣಾರು ಇವತ್ತ ಮ್ಯಾಲಿನ ಅರ್ಥ ಹೇಳಿದ್ರು."

ಹೌದು ಹೌದು ಎಂದು ಎಲ್ಲರೂ ತಲೆದೂಗಿದರು. ನಮ್ಮ ಮಂದಿ ಹೀಗೇ. ಅರ್ಥ ಹೇಳುವವನಿಗೆ ತಪ್ಪು ಅಂಟುವುದಿಲ್ಲ ಎಂದು ಅವರು ಎಂದೋ ತೀರ್ಮಾನ ಮಾಡಿಬಿಟ್ಟಿದ್ದರು. ತಿಳಿದರೆ ಅರ್ಥ, ತಿಳಿಯದಿದ್ದರೆ ಮೇಲಿನ ಅರ್ಥ. ಅಪ್ಪ ಒಂದೇ ಮಾತನ್ನು ಮೂರು ಸಲ ಹೇಳಿದರೆ, ಮನಸ್ಸಿನಲ್ಲಿ ನಾಟಲಿ ಎಂದು ತಿರುವಿ ಹೇಳುತ್ತಾರೆ ಎಂದರು. ನಡುವೆ ಮಾತು ನಿಲ್ಲಿಸಿ ಗ್ಯಾಸ್ ಬತ್ತಿಯನ್ನು ನೋಡುತ್ತ ಕೂತರೆ, ಮೌನದಲ್ಲಿ ಹೇಳುತ್ತಾರೆ ಎಂದರು. ಸುದ್ದಿ ಹಬ್ಬಿತು. ಯಮಕನಮರಡಿಯಿಂದ, ಬೆಲ್ಲದ ಬಾಗೇವಾಡಿಯಿಂದ ಮಂದಿ ಚಕ್ಕಡಿ ಕಟ್ಟಿಕೊಂಡು ಬರತೊಡಗಿದರು. ಚೆನ್ನಾಗಿ ನೆನಪಿದ್ದಾಗ ಬರದಷ್ಟು ಮಂದಿ ಅಪ್ಪನಿಗೆ ನೆನಪು ಹೋದಾಗ ಬಂದರು. ನಗಬೇಕೋ ಸಿಟ್ಟಾಗಬೇಕೋ ತಿಳಿಯದೆ ನಾನು ಕಂಬಕ್ಕೆ ಒರಗಿ ಕೂತಿರುತ್ತಿದ್ದೆ.

ನಿಜ ಗೊತ್ತಿದ್ದವನು ಕಾಕಾ ಒಬ್ಬ. ಗುಡಿಯ ಹಿಂದೆ ನನ್ನನ್ನು ಕರೆದು ಅವನು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ.

"ಮಾಸ್ತರ, ನಿಮ್ಮಪ್ಪಗ ಹಿಂದಿನ ಪದ್ಯ ನೆನಪ ಆಗವಲ್ದು. ನೆನಸ್ಕೊಳ್ಳಲಿ ಅಂತ ನಾ ರಾಗ ಎಳದ ಎಳದ ಓದಾಕತ್ತೇನಿ. ಎಷ್ಟಂತ ಎಳೀಲಿ?"

ಮನೆಯಲ್ಲಿ ಅಪ್ಪ ಉಂಡು ಕೈ ತೊಳೆದು ಬಂದು ಊಟಕ್ಕೆ ಯಾಕೆ ಕರೆಯಲಿಲ್ಲ ಎಂದು ಅವ್ವನ ಮೇಲೆ ಸಿಟ್ಟಾಗುತ್ತಿದ್ದ. ಎಂದೋ ಸತ್ತ ಎತ್ತಿಗೆ ಕಣಿಕೆ ಹಾಕಿರೇನು ಎಂದು ಕೇಳುತ್ತಿದ್ದ. ಬೆಳಗಾವಿಯ ದವಾಖಾನೆಗೆ ಒಯ್ಯೋಣ ಎಂದು ನಾನು ಅವ್ವನಿಗೆ ಹೇಳಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಇಷ್ಟು ಮಂದಿ ಅವರ ಕಾಲು ಮುಟ್ಟಿ ಹೋಗುತ್ತಾರೆ, ನೀನು ಅವರಿಗೆ ಬುದ್ಧಿಭ್ರಮೆ ಎಂದು ಊರಿಗೆಲ್ಲ ಸಾರಬೇಕೆಂದಿದ್ದೀಯಾ ಎಂದಳು. ಅವಳಿಗೆ ತಿಳಿದಿರಲಿಲ್ಲ ಎಂದಲ್ಲ. ಸತ್ತ ಎತ್ತಿಗೆ ಕಣಿಕೆ ಹಾಕಿದ್ದೇನೆ ಎಂದು ದಿನಾ ಉತ್ತರ ಕೊಡುತ್ತಿದ್ದವಳು ಅವಳೇ. ಕೊನೆಗೆ ಕಣ್ಣು ತೋರಿಸುವ ನೆಪ ಮಾಡಿ ಅಪ್ಪನನ್ನು ಗೋಕಾಕಕ್ಕೆ ಕರೆದುಕೊಂಡು ಹೋದೆ. ಡಾಕ್ಟರರು ನಾಡಿ ಹಿಡಿದು, ನಾಲಿಗೆ ನೋಡಿ, ನಾಲ್ಕು ಮಾತಾಡಿಸಿ, ವಯಸ್ಸಿನ ಸಲುವಾಗಿ ಹೀಗಾಗುತ್ತದೆ, ಇದಕ್ಕೆ ಔಷಧವಿಲ್ಲ ಎಂದು ಒಂದು ಟಾನಿಕ್ಕಿನ ಬಾಟಲಿ ಕೊಟ್ಟರು. ಅಪ್ಪನಿಗೆ ಆ ಟಾನಿಕ್ಕು ರುಚಿ ಹತ್ತಿತು, ಅಷ್ಟೇ.

ಬಸ್ಸಿನಲ್ಲಿ ತಿರುಗಿ ಬರುವಾಗ ಅವನು ಕಿಡಕಿಯ ಹೊರಗೆ ನೋಡುತ್ತಿದ್ದವನು ಒಮ್ಮೆಲೇ ನನ್ನ ಕೈ ಹಿಡಿದ. ಆಗ ಅವನ ಕಣ್ಣುಗಳು ಪೂರಾ ತಿಳಿಯಾಗಿದ್ದವು.

"ನನಗ ಏನೂ ನೆನಪಿಲ್ಲಲೇ. ಕಂಬಳಿ ಮ್ಯಾಲ ಕುಂತರ ಎದಿ ಡವ ಡವ ಅಂತೈತಿ. ಮಂದಿ ಯಾಕ ಕೈ ಮುಗೀತಾರ? ಹೇಳಿಬಿಡ್ಲೇನ?"

ಹೇಳು ಎಂದರೆ, ಮಂದಿ ನಂಬಿದರೆ, ಅವನ ಜಾಗ ಹೋಗುತ್ತಿತ್ತು. ಬೇಡ ಎಂದರೆ ದಿನಾ ಸಂಜೆ ಆ ಹೆದರಿಕೆಯಲ್ಲಿ ಹೋಗಿ ಕೂರಬೇಕಿತ್ತು. ಊರಿನವರು ನಂಬದೆ ಅದಕ್ಕೂ ಒಂದು ಮೇಲಿನ ಅರ್ಥ ಹುಡುಕಿದರೂ ಹುಡುಕುತ್ತಿದ್ದರು. ಏಣಿಯನ್ನು ಹೇಗೆ ಹತ್ತುವುದೆಂದು ನನಗೆ ಕಲಿಸಿದ್ದರು. ಒಬ್ಬ ಮನುಷ್ಯ ಕಣ್ಣೆದುರಿಗೇ ಇಳಿದು ಹೋಗುತ್ತಿದ್ದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ನಾನು ಯೋಚನೆ ಮಾಡುತ್ತಿರುವಾಗಲೇ ಅವನ ಹಿಡಿತ ಸಡಿಲಾಯಿತು. ಹತ್ತರಗಿ ಬಂತೇನು ಎಂದು ಕೇಳಿದ. ಇನ್ನೂ ಬಂದಿರಲಿಲ್ಲ.

ಜಾಗದ ಪ್ರಶ್ನೆಯನ್ನು ಕೊನೆಗೆ ಅಪ್ಪನೇ ಬಗೆಹರಿಸಿದ, ಅದೂ ಗೊತ್ತಿಲ್ಲದೆ. ಶ್ರಾವಣದ ಕೊನೆಯ ಸೋಮವಾರ, ನಾನು ರಜೆ ಹಾಕಿ ಊರಲ್ಲಿದ್ದಾಗ, ಗುಡಿಗೆ ಬಂದವನು ಕಂಬಳಿಯ ಕಡೆ ಹೋಗದೆ ಕೇಳುವ ಮಂದಿಯ ನಡುವೆ, ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟ. ತನ್ನ ಜಾಗ ಯಾವುದೆಂಬುದೇ ಅವನಿಗೆ ಮರೆತಿತ್ತು. ಎಂಥಾ ವಿನಯ ನೋಡಿರಿ ಎಂದು ಅದಕ್ಕೂ ಮಂದಿ ಕೈ ಮುಗಿದರು. ಕಾಕಾ ನನ್ನ ಕಡೆ ನೋಡಿದ. ಅರ್ಥ ಹೇಳುವವರಿಲ್ಲದೆ ಓದುವ ಪದ್ಧತಿ ನಮ್ಮಲ್ಲಿಲ್ಲ. ನಾನು ಎದ್ದು ಹೋಗಿ ಕಂಬಳಿಯ ಮೇಲೆ ಕೂತೆ. ಅಪ್ಪ ಹೇಳುತ್ತಿದ್ದ ಮಾತುಗಳನ್ನೇ ನೆನಪು ಮಾಡಿಕೊಂಡು ಹೇಳಿದೆ. ಮಗ ಬರಲಿಲ್ಲ ಎನ್ನುವ ಪದ್ಯಕ್ಕೆ ನೀರೂ ಕುಡಿದೆ. ಗೋಡೆಯ ಹತ್ತಿರ ಅಪ್ಪ ಬಾಯಿ ತೆರೆದು ಕೇಳುತ್ತಿದ್ದ. ಅವನಿಗೆ ಆ ಕಥೆ ಹೊಚ್ಚ ಹೊಸದು. ಮಗ ಸತ್ತ ಸುದ್ದಿ ಬಂದಾಗ ಅವನು ಅತ್ತಷ್ಟು ಆ ಪಡಸಾಲೆಯಲ್ಲಿ ಯಾರೂ ಅತ್ತಿರಲಿಲ್ಲ.

ಅಲ್ಲಿಂದ ಶುರುವಾಯಿತು. ಶನಿವಾರ ನಾನು ಊರಿಗೆ ಬಂದರೆ ಸಾಕು, ಅಪ್ಪ ಗೋಡೆಯ ಮಾಡದಿಂದ ಪುರಾಣದ ಪುಸ್ತಕ ತೆಗೆದುಕೊಂಡು ಬಂದು ಓದು ಎನ್ನುತ್ತಿದ್ದ. ಪುಸ್ತಕದಲ್ಲಿ ಆ ತಾಯಿಯ ಭಾಗ ಬಳಸಿ ಬಳಸಿ ತಾನೇ ತೆರೆಯುತ್ತಿತ್ತು. ಕೊನೆಯ ಪದ್ಯ ಬರುವ ಮೊದಲೇ ನನ್ನ ಮೊಣಕಾಲು ಹಿಡಿದು, ಹುಡುಗ ಮನಿಗೆ ಬಂದ್ನೇನು ಎಂದು ಕೇಳುತ್ತಿದ್ದ. ಇಲ್ಲಪ್ಪಾ ಎಂದರೆ ಹೆಗಲ ಮೇಲಿನ ಸೆಲ್ಲೆಯಲ್ಲಿ ಮುಖ ಮುಚ್ಚಿಕೊಂಡು ಅಳುತ್ತಿದ್ದ. ಅವ್ವ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಮುಂದಿನ ಶನಿವಾರ ಮತ್ತೆ ಅದೇ ಪುಸ್ತಕ, ಅದೇ ಪ್ರಶ್ನೆ. ಓದುವುದಿಲ್ಲ ಎಂದು ಹಟ ಹಿಡಿದು ನೋಡಿದೆ. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕತ್ತಲಾಗುವವರೆಗೆ ಹೊಸ್ತಿಲಲ್ಲಿ ಕೂತಿದ್ದ. ಅದನ್ನು ನೋಡುವುದಕ್ಕಿಂತ ಓದುವುದೇ ಹಗುರವಾಗಿತ್ತು.

ಒಂದು ಶನಿವಾರ ನನಗೆ ತಡೆಯಲಾಗಲಿಲ್ಲ. ಹುಡುಗ ಬಂದ್ನೇನು ಎಂದು ಅವನು ಕೇಳಿದಾಗ, ಬಂದ ಅಪ್ಪಾ, ತಾಯಿ ಬಿಸಿ ರೊಟ್ಟಿ ಬಡಿದು ಹಾಕಿದಳು ಎಂದು ಹೇಳಿ ಪುಸ್ತಕ ಮುಚ್ಚಿದೆ. ಅವನ ಮುಖ ಅರಳಿತು. ಅವ್ವ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಒಂದು ಗಳಿಗೆ ನಮ್ಮ ಮನೆ ಬೆಳಗಿದಂತಾಯಿತು. ಇಷ್ಟು ಸುಲಭದ ದಾರಿ ಇಷ್ಟು ದಿನ ಯಾಕೆ ಹೊಳೆಯಲಿಲ್ಲ ಎಂದುಕೊಂಡೆ.

ಅಪ್ಪ ಗೋಡೆಯ ಕಡೆ ನೋಡುತ್ತ ಕೂತ. ಅಲ್ಲಿ ನನ್ನ ಏಣಿಯ ಹಾಳೆ ಇನ್ನೂ ಇತ್ತು, ಕೆಳಗಿನ ತುದಿಗೆ ಗೆದ್ದಲು ಹಿಡಿದಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ, ಯೋಚನೆ ಮಾಡುತ್ತಿದ್ದ. ಹುಬ್ಬು ಗಂಟಿಕ್ಕಿ, ಬೆರಳಿನಿಂದ ತೊಡೆ ತಟ್ಟುತ್ತ, ಕಂಬಳಿಯ ಮೇಲೆ ಕೂತು ಕಠಿಣ ಪದ್ಯ ಬಿಡಿಸುವಾಗ ಮಾಡುತ್ತಿದ್ದ ಹಾಗೆಯೇ. ಆಮೇಲೆ ಮೆಲ್ಲಗೆ ತಲೆಯಾಡಿಸಿದ.

"ಇಲ್ಲಲೇ, ಖರೆ ಅಲ್ಲ ಅದು. ಬರಾಂವ ಇದ್ರ ಆಕಿ ಅಷ್ಟ ಸಲ ಒಲಿ ಊದತಿದ್ದಿಲ್ಲ. ಹುಡುಗ ಬರೂದಿಲ್ಲಂತ ಪದ್ಯಾ ಬರದಾಂವ ಮೊದಲ ಹೇಳ್ಯಾನ."

ಕಥೆ ನೆನಪಿಲ್ಲ, ಪದ್ಯ ನೆನಪಿಲ್ಲ, ಮಧ್ಯಾಹ್ನ ಉಂಡದ್ದು ನೆನಪಿಲ್ಲ. ಆದರೂ ಆಗಷ್ಟೇ ಕೇಳಿದ ನಾಲ್ಕು ಪದ್ಯಗಳನ್ನು ತೂಗಿ ನೋಡಿ ಅವನು ಸರಿಯಾದ ಬೆಲೆ ಕಟ್ಟಿದ್ದ. ಕೆಳಗಿನ ಮೆಟ್ಟಿಲೆಲ್ಲ ಕುಸಿದ ಮೇಲೂ ತುದಿಯ ಮೆಟ್ಟಿಲು ಹಾಗೆಯೇ ನಿಂತಿತ್ತು. ಬೆಳಗಾವಿಯ ಸಾಹೇಬರಿಗೆ ಇದನ್ನು ಹೇಳಬೇಕೆನಿಸಿತು. ಹೇಳಿ ಏನು ಮಾಡುವುದು, ಅದೂ ಕುಸಿದಿದ್ದರೆ ಚೆನ್ನಾಗಿತ್ತು ಎಂದು ಆ ಹೊತ್ತಿನಲ್ಲಿ ನನಗನಿಸಿತು. ಅಪ್ಪ ಸೆಲ್ಲೆಯನ್ನು ಮುಖಕ್ಕೆ ಎಳೆದುಕೊಂಡ.

ಆಮೇಲೆ ನಾನು ಸುಳ್ಳು ಹೇಳಲಿಲ್ಲ. ಅಪ್ಪನಿಗೆ ದುಃಖವನ್ನು ತಿಳಿಯುವ ಶಕ್ತಿ ಪೂರಾ ಉಳಿದಿತ್ತು, ಅದನ್ನು ಒಮ್ಮೆ ಅತ್ತು ಮುಗಿಸಿದ್ದೇನೆ ಎಂಬ ನೆನಪು ಮಾತ್ರ ಉಳಿದಿರಲಿಲ್ಲ. ಎರಡು ವರ್ಷ, ಅಪ್ಪ ತೀರಿಕೊಳ್ಳುವವರೆಗೆ, ಆ ಹುಡುಗ ನಮ್ಮ ಪಡಸಾಲೆಯಲ್ಲಿ ಪ್ರತಿ ಶನಿವಾರ ಹೊಸದಾಗಿ ಸತ್ತ.